ಎಚ್ಚರಿಕೆ ಬಂದಾಗಲೇ ಕುದುರೆ ಹೊರಡಲಿ

ಕಾಳ್ಗಿಚ್ಚು, ಭೂಕಂಪಗಳ ನಾಡಾದ ಕ್ಯಾಲಿಫೋರ್ನಿಯದಲ್ಲಿ ಕುದುರೆ ಸಾಕುವವರಿಗೊಂದು ಕೈಪಿಡಿ

2017ರ ಡಿಸೆಂಬರ್ 7ರಂದು ದಕ್ಷಿಣ ಕ್ಯಾಲಿಫೋರ್ನಿಯದ ಬಾನ್ಸಲ್‌ನಲ್ಲಿರುವ ಸ್ಯಾನ್ ಲೂಯಿಸ್ ರೇ ಡೌನ್ಸ್ ಎಂಬ ರೇಸ್ ಕುದುರೆಗಳ ತರಬೇತಿ ಕೇಂದ್ರಕ್ಕೆ ‘ಲೈಲಾಕ್’ ಹೆಸರಿನ ಕಾಳ್ಗಿಚ್ಚು ನುಗ್ಗಿತು. ಅಲ್ಲಿ ಆಗ ಸುಮಾರು 500 ಕುದುರೆಗಳಿದ್ದವು. ಒಣಗಾಳಿಗೆ ಕಿಡಿಗಳು ಹಾರಿ ಲಾಯಗಳಿಗೆ ಹತ್ತಿಕೊಂಡಾಗ ಅಷ್ಟನ್ನೂ ಗಾಡಿ ಹತ್ತಿಸುವ ಸಮಯವೇ ಇರಲಿಲ್ಲ. ಸಯೀಸರೂ ತರಬೇತುದಾರರೂ ಒಂದೊಂದೇ ಬಾಗಿಲಿಗೆ ಓಡಿ, ಅಗುಳಿ ತೆಗೆದು, ಕುದುರೆಗಳನ್ನು ಹೊರಗೆ ಅಟ್ಟಿದರು. ಬಹುಪಾಲು ಕುದುರೆಗಳು ಉಳಿದವು. ಅವಕ್ಕೆ ಡೆಲ್ ಮಾರ್ ರೇಸ್ ಮೈದಾನದಲ್ಲಿ ಜಾಗ ಸಿಕ್ಕಿತು. 46 ಕುದುರೆಗಳು ಸತ್ತವು.

ಬೆಳಗಿನಿಂದ ರಾತ್ರಿಯವರೆಗೆ ಕುದುರೆಗಳ ನಡುವೆಯೇ ಬದುಕುವ, ಅವುಗಳ ಒಂದೊಂದು ಚಲನೆಯನ್ನೂ ಬಲ್ಲ ಜನ ಅಲ್ಲಿದ್ದರು. ಅವರಿಗೇ ಬೆಂಕಿ ಇಷ್ಟು ಕಡಿಮೆ ಸಮಯ ಕೊಟ್ಟಿತು ಎಂದಮೇಲೆ, ಮನೆಯ ಹಿತ್ತಲಲ್ಲಿ ಎರಡು ಕುದುರೆ ಸಾಕಿಕೊಂಡವರು, ಮಗಳ ಸವಾರಿಗೆಂದು ಊರಾಚೆಯ ಬಾಡಿಗೆ ಲಾಯದಲ್ಲಿ ಒಂದು ಕುದುರೆ ಇಟ್ಟವರು ಇನ್ನೂ ಮುಂಚೆ ಎಚ್ಚೆತ್ತುಕೊಳ್ಳಬೇಕು. ಬೇ ಏರಿಯಾ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕಡೆ ನೆಲೆಸಿರುವ ಕನ್ನಡಿಗರಲ್ಲಿಯೂ ಇಂಥವರಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಮೊದಲಿಗೆ ಒಂದು ಕಾನೂನಿನ ಸಂಗತಿ. ಕತ್ರಿನಾ ಚಂಡಮಾರುತದ ಅನುಭವದಿಂದ ಅಮೆರಿಕ 2006ರಲ್ಲಿ ‘ಪೆಟ್ಸ್’ ಕಾಯ್ದೆ ತಂದಿತು. ಜನರನ್ನು ತೆರವು ಮಾಡಿಸುವಾಗ ಅವರ ಸಾಕುಪ್ರಾಣಿಗಳ ವ್ಯವಸ್ಥೆಯನ್ನೂ ಸ್ಥಳೀಯ ಆಡಳಿತ ಯೋಜಿಸಬೇಕು ಎನ್ನುವ ಕಾಯ್ದೆ ಅದು. ಆದರೆ ಅದರ ಜಾರಿಗೆ ಬಳಸುವ ‘ಮನೆಯ ಸಾಕುಪ್ರಾಣಿ’ಯ ವ್ಯಾಖ್ಯೆಯೊಳಗೆ ನಾಯಿ, ಬೆಕ್ಕು ಬರುತ್ತವೆ, ಕುದುರೆ ಬರುವುದಿಲ್ಲ. ಕೌಂಟಿಯ ಪ್ರಾಣಿ ವಿಭಾಗಗಳೂ ಸ್ವಯಂಸೇವಕರೂ ಕುದುರೆಗಳಿಗಾಗಿ ಜೀವ ಪಣಕ್ಕಿಟ್ಟು ದುಡಿಯುತ್ತಾರೆ, ನಿಜ. ಹಾಗಿದ್ದರೂ ಕುದುರೆಯ ಮೊದಲ ಹೊಣೆ ಅದನ್ನು ಸಾಕಿದವರದೇ.

ಎರಡು ಆಪತ್ತು, ಎರಡು ಬಗೆಯ ತಯಾರಿ

ಬೆಂಕಿ, ಭೂಕಂಪ ಎರಡನ್ನೂ ಒಟ್ಟಿಗೆ ಹೇಳುವುದು ರೂಢಿ. ಕುದುರೆಯ ಮಟ್ಟಿಗೆ ಎರಡರ ತಯಾರಿ ಬೇರೆ ಬೇರೆ. ಕಾಳ್ಗಿಚ್ಚು ದೂರದಲ್ಲಿ ಹುಟ್ಟಿ ನಮ್ಮ ಕಡೆ ಬರುತ್ತದೆ. ಗಂಟೆಗಳಷ್ಟೋ ನಿಮಿಷಗಳಷ್ಟೋ ಸಮಯ ಸಿಗುತ್ತದೆ. ಅದಕ್ಕೆ ಬೇಕಾದದ್ದು ಹೊರಡುವ ತಯಾರಿ. ಭೂಕಂಪ ಹೇಳಿ ಬರುವುದಿಲ್ಲ. ಬಂದು ಹೋದ ಮೇಲೆ ಸೇತುವೆ ಕುಸಿದಿರಬಹುದು, ರಸ್ತೆ ಬಿರಿದಿರಬಹುದು, ನಲ್ಲಿಯಲ್ಲಿ ನೀರು ನಿಂತಿರಬಹುದು. ಅದಕ್ಕೆ ಬೇಕಾದದ್ದು ಇದ್ದಲ್ಲೇ ಒಂದು ವಾರ ಬಾಳುವ ತಯಾರಿ. 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪ ಬೆಳಗಿನ ಜಾವ 4.31ಕ್ಕೆ, ಕತ್ತಲಲ್ಲಿ ಬಂತು, ತೀವ್ರತೆ 6.7. ಹೆದ್ದಾರಿಯ ಮೇಲ್ಸೇತುವೆಗಳು ಮುರಿದುಬಿದ್ದವು, ನೀರಿನ ಮತ್ತು ಗ್ಯಾಸ್ ಕೊಳವೆಗಳು ಒಡೆದವು, ಅಲ್ಲಲ್ಲಿ ಬೆಂಕಿಯೂ ಹೊತ್ತಿಕೊಂಡಿತು. ಅಂಥ ಬೆಳಗಿನಲ್ಲಿ ಕುದುರೆ ಸಾಗಿಸುವ ಟ್ರೇಲರ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಎಲ್ಲಿಗೆ ಓಡಿಸುವುದು?

ಎರಡಕ್ಕೂ ಒಂದು ಮಾತು ಸಮಾನ. ಆಪತ್ತಿನ ದಿನ ಕುದುರೆ ಹೊಸದೇನನ್ನೂ ಕಲಿಯುವುದಿಲ್ಲ, ನಾವೂ ಕಲಿಯುವುದಿಲ್ಲ. ಸಾಮಾನ್ಯ ದಿನಗಳಲ್ಲಿ ರೂಢಿಸಿಕೊಂಡದ್ದಷ್ಟೇ ಆ ದಿನ ಕೈಗೆ ಬರುತ್ತದೆ.

‘ವಾರ್ನಿಂಗ್’ ಎಂದರೆ ನಿಮಗೆ ‘ಆರ್ಡರ್’

ಕ್ಯಾಲಿಫೋರ್ನಿಯದಲ್ಲಿ ತೆರವಿನ ಸೂಚನೆ ಎರಡು ಹಂತದಲ್ಲಿ ಬರುತ್ತದೆ. ‘ಇವ್ಯಾಕ್ಯುಯೇಶನ್ ವಾರ್ನಿಂಗ್’ ಎಂದರೆ ಅಪಾಯ ಹತ್ತಿರದಲ್ಲಿದೆ, ಸಿದ್ಧರಾಗಿ ಎಂದರ್ಥ. ‘ಆರ್ಡರ್’ ಎಂದರೆ ಈಗಲೇ ಹೊರಡಿ, ಈ ಪ್ರದೇಶವನ್ನು ಮುಚ್ಚಲಾಗಿದೆ ಎಂದರ್ಥ. ವಾರ್ನಿಂಗ್ ಕೊಡುವಾಗ ಅಧಿಕಾರಿಗಳು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಹೊರಡಲು ಹೆಚ್ಚು ಸಮಯ ಬೇಕಾದವರು, ಸಾಕುಪ್ರಾಣಿ ಮತ್ತು ಜಾನುವಾರು ಇರುವವರು ಈಗಲೇ ಹೊರಡಬೇಕು. ಎಲ್ಲರೂ ಬ್ಯಾಗು ತುಂಬುತ್ತಿರುವಾಗ ಕುದುರೆಯವರ ಗಾಡಿ ರಸ್ತೆಯ ಮೇಲಿರಬೇಕು.

ಲೆಕ್ಕ ಸರಳ. ನಿಮ್ಮ ಟ್ರೇಲರ್‌ನಲ್ಲಿ ಹಿಡಿಯುವುದು ಎರಡು ಕುದುರೆ, ಇರುವುದು ಆರು ಎಂದಾದರೆ ಮೂರು ಸುತ್ತು ಬೇಕು. ಮೊದಲ ಸುತ್ತು ಮುಗಿಸಿ ಬರುವಷ್ಟರಲ್ಲಿ ಆರ್ಡರ್ ಹೊರಟಿದ್ದರೆ ಪೊಲೀಸರು ಒಳಗೆ ಬಿಡುವುದಿಲ್ಲ. 2018ರ ನವೆಂಬರ್ 8ರಂದು ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ‘ಕ್ಯಾಂಪ್ ಫೈರ್’ ಬೆಳಗ್ಗೆ ಆರೂವರೆ ಹೊತ್ತಿಗೆ ಹುಟ್ಟಿ, ಎಂಟು ಗಂಟೆಯ ಸುಮಾರಿಗೆ ಪಟ್ಟಣದ ಅಂಚಿಗೆ ಬಂದಿತ್ತು. ಊರಿಂದ ಇಳಿಯುವ ಮುಖ್ಯರಸ್ತೆ ಸ್ಕೈವೇ ವಾಹನಗಳಿಂದ ಕಿಕ್ಕಿರಿಯಿತು. ಆ ಬೆಂಕಿಗೆ 85 ಜನ ಬಲಿಯಾದರು. ಅಂಥ ಸಾಲಿನಲ್ಲಿ ಹಿಂದೆ ಟ್ರೇಲರ್ ಕಟ್ಟಿಕೊಂಡು ಸಿಕ್ಕಿಬಿದ್ದವರಿಗೆ ತಿರುಗಿಸಿಕೊಳ್ಳಲೂ ಜಾಗವಿರುವುದಿಲ್ಲ.

ಆದ್ದರಿಂದ ಹವಾಮಾನ ಇಲಾಖೆ ‘ರೆಡ್ ಫ್ಲ್ಯಾಗ್ ವಾರ್ನಿಂಗ್’ ಕೊಟ್ಟ ದಿನವೇ ಅರ್ಧ ತಯಾರಿ ಮುಗಿದಿರಲಿ. ದಕ್ಷಿಣದಲ್ಲಿ ಸಾಂಟಾ ಆನಾ ಗಾಳಿ, ಉತ್ತರದಲ್ಲಿ ಡಯಾಬ್ಲೋ ಗಾಳಿ ಬೀಸುವ ದಿನಗಳವು. ಅಂದು ಟ್ರೇಲರ್ ವಾಹನಕ್ಕೆ ಸಿಕ್ಕಿಸಿರಲಿ, ಮೂತಿ ರಸ್ತೆಯ ಕಡೆಗಿರಲಿ. ಕೌಂಟಿಯ ತುರ್ತು ಸಂದೇಶಕ್ಕೆ ನಿಮ್ಮ ಫೋನ್ ನೋಂದಾಯಿಸಿ. ನಿಮ್ಮ ಮನೆ, ಕುದುರೆ ಇರುವ ಲಾಯ ಇವೆರಡೂ ಯಾವ ತೆರವು ವಲಯಕ್ಕೆ ಸೇರುತ್ತವೆ ಎಂದು ತಿಳಿದಿರಿ. ಎರಡೂ ಒಂದೇ ವಲಯದಲ್ಲಿ ಇರಬೇಕೆಂದಿಲ್ಲ.

ಟ್ರೇಲರ್ ಹತ್ತುವ ಪಾಠ

ಕುದುರೆ ಬಯಲಿನ ಪ್ರಾಣಿ. ಕತ್ತಲು ತುಂಬಿದ, ಕಾಲಿಟ್ಟರೆ ಟೊಳ್ಳು ಸದ್ದು ಮಾಡುವ ಪೆಟ್ಟಿಗೆಯೊಳಗೆ ಹೋಗುವುದು ಅದರ ಸ್ವಭಾವಕ್ಕೆ ವಿರುದ್ಧ. ಬೆಳಕಿನಿಂದ ಕತ್ತಲಿಗೆ ಅದರ ಕಣ್ಣು ಹೊಂದಿಕೊಳ್ಳುವುದು ನಿಧಾನ. ಬಿಸಿಲಲ್ಲಿ ನಿಂತು ನೋಡುವ ಕುದುರೆಗೆ ಟ್ರೇಲರ್‌ನ ಒಳಗು ಗುಂಡಿಯಂತೆ ಕಾಣುತ್ತದೆ. ಇದನ್ನು ಮೊಂಡುತನ ಎಂದುಕೊಂಡು ಹಿಂದಿನಿಂದ ಹೊಡೆದರೆ ಅದರ ಭಯಕ್ಕೆ ಆಧಾರ ಕೊಟ್ಟಂತಾಗುತ್ತದೆ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ವಾಹನಕ್ಕೆ ಸಿಕ್ಕಿಸಿ. ಬಿಡಿಯಾಗಿ ನಿಂತ ಟ್ರೇಲರ್ ಅಲುಗುತ್ತದೆ, ಅಲುಗಿದ ಮೇಲೆ ಕುದುರೆ ಅದನ್ನು ನಂಬುವುದಿಲ್ಲ. ಒಳಗಿನ ದೀಪ ಹಾಕಿ, ಮುಂದಿನ ಕಿಟಕಿ ತೆರೆದು ಬೆಳಕು ಬಿಡಿ. ಕುದುರೆಯನ್ನು ಇಳಿಜಾರು ಹಲಗೆಯ ಬುಡಕ್ಕೆ ಕರೆತಂದು ನಿಲ್ಲಿಸಿ. ಅದು ತಲೆ ತಗ್ಗಿಸಿ ಹಲಗೆಯನ್ನು ಮೂಸುತ್ತದೆ, ಒಂದು ಗೊರಸಿನಿಂದ ತಟ್ಟಿ ನೋಡುತ್ತದೆ. ತಟ್ಟಲಿ. ಹಗ್ಗವನ್ನು ಹಗುರಾಗಿ ಬಿಗಿಹಿಡಿದು ಕಾಯಿರಿ. ಮುಂಗಾಲು ಹಲಗೆಯ ಮೇಲೆ ಬಂದ ಕ್ಷಣ ಬಿಗಿ ಸಡಿಲಿಸಿ, ಕುತ್ತಿಗೆ ಸವರಿ, ಅದು ಬೇಡುವ ಮೊದಲೇ ನೀವಾಗಿ ಹಿಂದಕ್ಕೆ ಇಳಿಸಿ. ಹತ್ತಿದರೆ ಇಳಿಯಬಹುದು ಎಂದು ತಿಳಿದ ಕುದುರೆಗೆ ಹತ್ತುವ ಹೆದರಿಕೆ ಕಮ್ಮಿಯಾಗುತ್ತದೆ. ಮುಂದಿನ ಸಲ ಎರಡು ಕಾಲು, ಆಮೇಲೆ ನಾಲ್ಕು, ಆಮೇಲೆ ಒಳಗೆ ನಿಂತು ಒಂದು ಹಿಡಿ ಹುಲ್ಲು. ಹಿಂದಿನ ಸರಪಳಿ ಹಾಕುವುದು, ಬಾಗಿಲು ಮುಚ್ಚುವುದು, ಮನೆಯ ಸುತ್ತ ಒಂದು ಸುತ್ತು ಹೊಡೆಯುವುದು ಇವೆಲ್ಲ ಆಮೇಲಿನ ದಿನಗಳ ಪಾಠ. ಕಟ್ಟುವ ಮೊದಲು ಹಿಂಬದಿಯ ಸರಪಳಿ ಹಾಕಬೇಕು, ಇಳಿಸುವಾಗ ಮೊದಲು ಹಗ್ಗ ಬಿಚ್ಚಬೇಕು. ಈ ಕ್ರಮ ತಪ್ಪಿದರೆ ಕುದುರೆ ಕಟ್ಟಿದಂತೆಯೇ ಹಿಂದಕ್ಕೆ ನುಗ್ಗಿ ಗಾಯ ಮಾಡಿಕೊಳ್ಳುತ್ತದೆ.

ಹಗಲಲ್ಲಿ ಹತ್ತಿದ ಮಾತ್ರಕ್ಕೆ ಪಾಠ ಮುಗಿಯುವುದಿಲ್ಲ. ರಾತ್ರಿ ಟಾರ್ಚ್ ಬೆಳಕಿನಲ್ಲಿ, ಗಾಳಿ ಬೀಸುವ ದಿನ, ಇನ್ನೊಬ್ಬರ ಟ್ರೇಲರ್‌ಗೆ, ಅಪರಿಚಿತರ ಕೈಯಲ್ಲಿ ಕೂಡ ಹತ್ತಿಸಿ ನೋಡಿ. ಇಳಿಜಾರು ಹಲಗೆ ಇಲ್ಲದೆ ನೇರ ಮೆಟ್ಟಿಲಿನಂತೆ ಹತ್ತಬೇಕಾದ ಗಾಡಿಗಳೂ ಇವೆ. ಅವುಗಳ ರೂಢಿಯೂ ಆಗಲಿ. ಬೆಂಕಿಯ ದಿನ ನಿಮ್ಮ ಕುದುರೆಯನ್ನು ಹತ್ತಿಸುವವರು ಹೆಲ್ಮೆಟ್, ಹಳದಿ ಜಾಕೆಟ್ ತೊಟ್ಟ ಯಾರೋ ಸ್ವಯಂಸೇವಕರಾಗಿರಬಹುದು. ಮಂಪರು ಮದ್ದನ್ನು ನಂಬಿ ಕೂರಬೇಡಿ. ಮಂಪರಿನ ಕುದುರೆ ಚಲಿಸುವ ಗಾಡಿಯಲ್ಲಿ ಕಾಲು ಸೋತು ಬೀಳಬಹುದು. ತೀರಾ ಬೇಕಾದರೆ ಏನು, ಎಷ್ಟು ಎಂದು ನಿಮ್ಮ ಪಶುವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಗಾಡಿಯೂ ಸಿದ್ಧವಿರಲಿ

ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಟ್ರೇಲರ್ ತುರ್ತಿನ ಹೊತ್ತಿಗೆ ಕೈಕೊಡುತ್ತದೆ. ಬೇಸಗೆ ಶುರುವಾಗುವ ಮೊದಲೇ ಟೈರಿನ ಗಾಳಿ, ಸ್ಟೆಪ್ನಿ, ಬೇರಿಂಗ್, ಬ್ರೇಕ್, ಹಿಂಬದಿ ದೀಪಗಳನ್ನು ನೋಡಿಸಿ. ರಬ್ಬರ್ ಹಾಸು ಎತ್ತಿ ಅಡಿಯ ಹಲಗೆಯನ್ನು ಚೂಪಾದ ಸಲಾಕೆಯಿಂದ ಚುಚ್ಚಿ ನೋಡಿ. ಮೂತ್ರ ಇಂಗಿ ಮೆತ್ತಗಾದ ಹಲಗೆ ಸುಮಾರು 500 ಕಿಲೋ ತೂಗುವ ಪ್ರಾಣಿಯನ್ನು ತಡೆಯಲಾರದು. ಬೆಂಕಿಯ ಕಾಲದಲ್ಲಿ ವಾಹನದ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಕರೆಂಟ್ ಹೋದರೆ ಪೆಟ್ರೋಲ್ ಬಂಕಿನ ಪಂಪ್ ಕೂಡ ನಿಲ್ಲುತ್ತದೆ.

ಟ್ರೇಲರ್ ಇಲ್ಲದವರು ಒಬ್ಬರನ್ನು ನೆಚ್ಚಿ ಕೂರದೆ, ಬೇರೆ ಬೇರೆ ದಿಕ್ಕಿನಲ್ಲಿ ವಾಸಿಸುವ ಇಬ್ಬರು ಮೂವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಪಕ್ಕದ ಮನೆಯವರ ಟ್ರೇಲರ್ ಬೆಂಕಿಯ ದಿನ ಅವರದೇ ಕುದುರೆಗೆ ಬೇಕಾಗುತ್ತದೆ. ಕನ್ನಡ ಕೂಟದ ಗೆಳೆಯರಲ್ಲಿ ಭಾರ ಎಳೆಯುವ ಪಿಕಪ್ ಇರುವವರು ಯಾರು, ಟ್ರೇಲರ್ ಓಡಿಸಿ ಗೊತ್ತಿರುವವರು ಯಾರು ಎಂದು ವಿಚಾರಿಸಿ ಇಟ್ಟುಕೊಂಡರೆ ಒಂದು ದಿನ ಉಪಯೋಗಕ್ಕೆ ಬರುತ್ತದೆ.

ಗುರುತು ಉಳಿಯಬೇಕು

ನೂರಾರು ಕುದುರೆಗಳು ಒಂದೇ ಮೈದಾನಕ್ಕೆ ಬಂದು ಸೇರಿದಾಗ ಹಣೆಯಲ್ಲಿ ಬಿಳಿಚುಕ್ಕಿ ಇರುವ ಕಂದು ಕುದುರೆ ನಿಮ್ಮದೊಂದೇ ಆಗಿರುವುದಿಲ್ಲ. ಕುತ್ತಿಗೆಯ ಎಡಬದಿಯಲ್ಲಿ, ಜೂಲಿನ ಕೆಳಗೆ ಮೈಕ್ರೋಚಿಪ್ ಹಾಕಿಸುವುದು ಬಾಳಿಕೆಯ ಗುರುತು. ಚಿಪ್ ಹಾಕಿಸಿದರೆ ಸಾಲದು, ಅದರ ನೋಂದಣಿಯಲ್ಲಿ ನಿಮ್ಮ ಈಗಿನ ಫೋನ್ ಸಂಖ್ಯೆ ಇರಬೇಕು. ಎಡಬಲ, ಹಿಂದುಮುಂದು ನಾಲ್ಕೂ ಕಡೆಯ ಫೋಟೊ, ಸುಳಿ, ಮಚ್ಚೆ, ಗಾಯದ ಕಲೆಗಳ ಹತ್ತಿರದ ಫೋಟೊ, ನೀವು ಕುದುರೆಯ ಜೊತೆ ನಿಂತ ಒಂದು ಫೋಟೊ ಇವನ್ನು ಫೋನಿನಲ್ಲೂ ಬೇರೆ ಊರಿನ ಬಂಧುವಿನ ಬಳಿಯೂ ಇಡಿ.

ಹೊರಡುವ ದಿನದ ಗುರುತು ಬೇರೆ. ಅಳಿಸದ ಮಾರ್ಕರ್‌ನಿಂದ ಗೊರಸಿನ ಮೇಲೆ ಫೋನ್ ಸಂಖ್ಯೆ ಬರೆಯಿರಿ. ಗೊರಸನ್ನು ಒರೆಸಿ ಒಣಗಿಸಿ ಬರೆದರೆ ಅಕ್ಷರ ನಿಲ್ಲುತ್ತದೆ. ಜಾನುವಾರಿಗೆ ಗುರುತು ಹಾಕುವ ಬಣ್ಣದ ಬಳಪದಿಂದ ಪಕ್ಕೆಯ ಮೇಲೂ ದೊಡ್ಡದಾಗಿ ಬರೆಯಬಹುದು. ಜೂಲಿನಲ್ಲಿ ಹೆಣೆದು ಕಟ್ಟಿದ ಪ್ಲಾಸ್ಟಿಕ್ ಚೀಟಿ ಮೂರನೆಯ ಗುರುತು. ಮೂರರಲ್ಲಿ ಒಂದು ಅಳಿದರೂ ಇನ್ನೊಂದು ಉಳಿಯಲಿ ಎಂದೇ ಇಷ್ಟು ಮಾಡುವುದು.

ಮುಖಕ್ಕೆ ಹಾಕುವ ಹಾಲ್ಟರ್ ಚರ್ಮದ್ದಾಗಲಿ ಹತ್ತಿಯದಾಗಲಿ ಇರಬೇಕು, ಹಗ್ಗ ಹತ್ತಿಯದಿರಬೇಕು. ನೈಲಾನ್ ಬೆಂಕಿಯ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೆನ್ನೆ, ಮೂಗಿನ ಮೇಲಿನ ಆ ಸುಟ್ಟಗಾಯ ಮಾಯುವುದು ಬಹಳ ಕಷ್ಟ. ನೊಣದ ಮುಖಪರದೆ, ನೈಲಾನ್ ಹೊದಿಕೆ, ಕಾಲುಪಟ್ಟಿ ಎಲ್ಲವನ್ನೂ ತೆಗೆದುಬಿಡಿ. ಮೈಗೆ ಸಿಂಪಡಿಸಿದ ನೊಣದ ಸ್ಪ್ರೇ ಬೆಂಕಿ ಹಿಡಿಯಬಲ್ಲದು, ಅದನ್ನು ತೊಳೆಯಿರಿ.

ಲಾಯದ ಬಾಗಿಲ ಬಳಿ ಒಂದು ಡಬ್ಬ

ಗಾಳಿ, ಇಲಿ ನುಸುಳದ ಮುಚ್ಚಳದ ಡಬ್ಬವೊಂದನ್ನು ಕೈಗೆ ಸಿಗುವಲ್ಲಿ ಇಡಿ. ಅದರಲ್ಲಿ ಇರಬೇಕಾದದ್ದು:

- ಪ್ರತಿ ಕುದುರೆಗೆ ಒಂದು ಚರ್ಮದ ಹಾಲ್ಟರ್, ಉದ್ದನೆಯ ಹತ್ತಿ ಹಗ್ಗ, ಹೆಚ್ಚುವರಿ ಒಂದು ಜೊತೆ
- ಲಸಿಕೆಯ ದಾಖಲೆ (ಧನುರ್ವಾಯು ಲಸಿಕೆಯ ದಿನಾಂಕ ಮುಖ್ಯವಾಗಿ), ಕಾಗಿನ್ಸ್ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಪತ್ತೆಯ) ಪರೀಕ್ಷೆಯ ವರದಿ, ಒಡೆತನದ ಪತ್ರ, ಚಿಪ್ ಸಂಖ್ಯೆ. ಎಲ್ಲದರ ನಕಲು ನೀರು ತಾಗದ ಚೀಲದಲ್ಲಿ
- ಕೊಡುತ್ತಿರುವ ಔಷಧಿ, ಅದರ ಪ್ರಮಾಣ ಬರೆದ ಹಾಳೆ; ಒದೆಯುವ, ಕಚ್ಚುವ ಸ್ವಭಾವವಿದ್ದರೆ ಅದೂ
- ಬ್ಯಾಂಡೇಜ್, ಹತ್ತಿ, ಉಪ್ಪುನೀರಿನ ದ್ರಾವಣ, ಥರ್ಮಾಮೀಟರ್
- ಎರಡು ಬಕೆಟ್, ಗೊರಸು ಕೆರೆಯುವ ಕೊಕ್ಕೆ, ಚೂರಿ, ತಂತಿ ಕತ್ತರಿಸುವ ಇಕ್ಕಳ
- ತಲೆಗೆ ಕಟ್ಟುವ ಟಾರ್ಚ್, ಬ್ಯಾಟರಿ, ಅಳಿಸದ ಮಾರ್ಕರ್, ಕೈಗವಸು, ನಿಮಗೆ ಎನ್95 ಮಾಸ್ಕ್

ಮೇವಿನ ವಿಷಯ ಬೇರೆಯಾಗಿಯೇ ಹೇಳಬೇಕು. ಕುದುರೆಯ ಹೊಟ್ಟೆ ಬಹಳ ಸೂಕ್ಷ್ಮ. ದಿಢೀರನೆ ಮೇವು ಬದಲಾದರೆ, ನೀರು ಕಡಿಮೆಯಾದರೆ ಹೊಟ್ಟೆಶೂಲೆ ಬರುತ್ತದೆ, ಅದು ಜೀವಕ್ಕೇ ಕುತ್ತಾಗಬಹುದು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು, 20ರಿಂದ 40 ಲೀಟರ್ ನೀರು ಬೇಕು. ಅದು ದಿನಾ ತಿನ್ನುವ ಹುಲ್ಲನ್ನೇ ಮೂರು ದಿನಕ್ಕಾಗುವಷ್ಟಾದರೂ ಟ್ರೇಲರ್‌ಗೆ ಹಾಕಿಕೊಳ್ಳಿ.

ಎಲ್ಲಿಗೆ, ಯಾವ ದಾರಿಯಲ್ಲಿ

2025ರ ಜನವರಿ 7ರ ಸಂಜೆ ಆಲ್ಟಡೀನ ಕಡೆ ಈಟನ್ ಬೆಂಕಿ ಹೊತ್ತಿಕೊಂಡಾಗ ಬರ್ಬ್ಯಾಂಕ್‌ನ ಲಾಸ್ ಏಂಜಲೀಸ್ ಈಕ್ವೆಸ್ಟ್ರಿಯನ್ ಸೆಂಟರ್ ನೂರಾರು ಕುದುರೆಗಳಿಗೆ ಆಸರೆ ಕೊಟ್ಟಿತು. ವುಡ್‌ಲ್ಯಾಂಡ್ ಹಿಲ್ಸ್‌ನ ಪಿಯರ್ಸ್ ಕಾಲೇಜು, ಕೌಂಟಿಗಳ ಜಾತ್ರೆ ಮೈದಾನಗಳು ಇಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಬಾಗಿಲು ತೆರೆದಿವೆ. 2018ರ ವೂಲ್ಸಿ ಬೆಂಕಿಯಲ್ಲಿ ಮಾಲಿಬುವಿನ ಜನ ಬೇರೆ ದಾರಿ ಕಾಣದೆ ಜೂಮಾ ಕಡಲತೀರಕ್ಕೆ ಕುದುರೆಗಳನ್ನು ತಂದು, ಜೀವರಕ್ಷಕರ ಗೋಪುರಗಳಿಗೆ ಕಟ್ಟಿದ್ದರು. ಸುಡುವ ಹುಲ್ಲುಕಡ್ಡಿಯಿಲ್ಲದ ಬಯಲು ಮರಳು ಅಂದು ಅವುಗಳನ್ನು ಕಾಪಾಡಿತು.

ನೀವು ಬೇರೆ ಬೇರೆ ದಿಕ್ಕಿನಲ್ಲಿ ಎರಡು ತಾಣಗಳನ್ನು ಗೊತ್ತುಮಾಡಿಕೊಳ್ಳಿ. ಒಂದು ಗೆಳೆಯರ ಲಾಯ, ಇನ್ನೊಂದು ಕೌಂಟಿಯ ದೊಡ್ಡ ಮೈದಾನ. ಪ್ರತಿಯೊಂದಕ್ಕೂ ಎರಡು ದಾರಿ ತಿಳಿದಿರಲಿ. ಒಮ್ಮೆ ಟ್ರೇಲರ್ ಕಟ್ಟಿಕೊಂಡೇ ಓಡಿಸಿ ನೋಡಿದರೆ ಯಾವ ತಿರುವು ಕಿರಿದು, ಎಲ್ಲಿ ಟ್ರೇಲರ್ ತಿರುಗುವುದಿಲ್ಲ ಎಂಬುದು ತಿಳಿಯುತ್ತದೆ. ಆಸರೆಯ ತಾಣದಲ್ಲಿ ನಿಮ್ಮ ಬಕೆಟ್ಟನ್ನೇ ಬಳಸಿ, ಬೇರೆ ಕುದುರೆಗಳ ಮೂಗಿಗೆ ಮೂಗು ತಾಗಿಸಬೇಡಿ. ಗುಂಪಿನಲ್ಲಿ ಸೋಂಕು ಬೇಗ ಹರಡುತ್ತದೆ.

ಬಾಡಿಗೆ ಲಾಯದಲ್ಲಿ ಕುದುರೆ ಇಟ್ಟವರು ಮಾಲೀಕರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಇಲ್ಲಿರುವ ಕುದುರೆಗಳೆಷ್ಟು, ಟ್ರೇಲರ್ ಸ್ಥಾನಗಳೆಷ್ಟು? ರಾತ್ರಿ ಇಲ್ಲಿ ಯಾರಿರುತ್ತಾರೆ? ಯಾವ ಕುದುರೆ ಮೊದಲು ಹೋಗುತ್ತದೆ? ನನಗೆ ಬರಲು ಆಗದಿದ್ದರೆ ಸಾಗಿಸುವ ಅಧಿಕಾರ ಯಾರಿಗೆ? ಕೊನೆಯದಕ್ಕೆ ಬರಹದಲ್ಲಿ ಒಪ್ಪಿಗೆ ಕೊಟ್ಟಿಡಿ, ಚಿಕಿತ್ಸೆಯ ಒಪ್ಪಿಗೆಯೂ ಅದರಲ್ಲೇ ಸೇರಿರಲಿ.

ಲಾಯದ ಸುತ್ತಮುತ್ತ

ಕಾಳ್ಗಿಚ್ಚಿನಲ್ಲಿ ಕಟ್ಟಡಗಳನ್ನು ಸುಡುವುದು ಹೆಚ್ಚಾಗಿ ಗಾಳಿಯಲ್ಲಿ ಮೈಲಿಗೂ ಹೆಚ್ಚು ದೂರ ಹಾರಿ ಬರುವ ಕೆಂಡದ ಚೂರು. ಅಪಾಯದ ಪ್ರದೇಶಗಳಲ್ಲಿ ಕಟ್ಟಡದ ಸುತ್ತ 100 ಅಡಿ ಜಾಗದ ಒಣಗಿಡ, ಕಸಕಡ್ಡಿ ತೆಗೆದಿರಬೇಕೆಂದು ಕ್ಯಾಲಿಫೋರ್ನಿಯದ ಕಾನೂನೇ ಹೇಳುತ್ತದೆ. ಗೋಡೆಗೆ ತಾಗಿದ ಮೊದಲ ಐದು ಅಡಿಯಲ್ಲಿ ಸುಡುವ ವಸ್ತು ಏನೂ ಬೇಡ. ಒಣಹುಲ್ಲಿನ ದಾಸ್ತಾನು ಲಾಯದಿಂದ ದೂರ, ಬೇರೆ ಮಾಡಿನ ಕೆಳಗಿರಲಿ. ಮಾಡಿನ ಸಂದಿಯ ಒಣ ಎಲೆ, ಜೇಡರ ಬಲೆ ಗುಡಿಸಿ. ಒಂದು ಕಿಡಿಗೆ ಅಷ್ಟೇ ಸಾಕು.

ಗಾಳಿ ಜೋರಾದಾಗ ಬೆಂಕಿ ತಡೆಯಲೆಂದು ವಿದ್ಯುತ್ ಕಂಪನಿಗಳೇ ಕರೆಂಟ್ ಕಡಿತ ಮಾಡುವುದುಂಟು. ಕರೆಂಟ್ ಹೋದರೆ ಬೋರ್‌ವೆಲ್ ಪಂಪ್ ನಿಲ್ಲುತ್ತದೆ, ವಿದ್ಯುತ್ ಗೇಟ್ ತೆರೆಯುವುದಿಲ್ಲ. ಆ ಗೇಟನ್ನು ಕೈಯಿಂದ ತೆರೆಯುವ ಕೀಲಿ ಎಲ್ಲಿದೆ, ಹೇಗೆ ತಿರುಗಿಸಬೇಕು ಎಂಬುದನ್ನು ಮನೆಯ ಪ್ರತಿಯೊಬ್ಬರೂ ಇಂದೇ ಮಾಡಿ ನೋಡಲಿ. ಲಾಯದ ಬಾಗಿಲಿಗೆ ಬೀಗ ಬೇಡ. ಕತ್ತಲಲ್ಲಿ ಒಂದೇ ಕೈಯಿಂದ ತೆಗೆಯಬಹುದಾದ ಅಗುಳಿ ಇರಲಿ. ಪ್ರತಿ ಬಾಗಿಲ ಪಕ್ಕ ಒಂದು ಹಾಲ್ಟರ್ ಮತ್ತು ಹಗ್ಗ ತೂಗುತ್ತಿರಲಿ.

ಹೊರಡುವ ಹೊತ್ತು

ನಿಮ್ಮ ಜೀವ, ಮನೆಯವರ ಜೀವ ಮೊದಲು. ಹೊತ್ತಿ ಉರಿಯುತ್ತಿರುವ ಲಾಯದೊಳಗೆ ನುಗ್ಗಬೇಡಿ. ಬೆಂಕಿ ತಲುಪುವ ಮೊದಲು ಕೆಲಸ ಮಾಡುತ್ತಿದ್ದರೆ ಹತ್ತಿ ಬಟ್ಟೆ, ಗಟ್ಟಿ ಬೂಟು ಹಾಕಿಕೊಂಡು, ಹೊರಬಾಗಿಲಿಗೆ ಹತ್ತಿರವಿರುವ ಕುದುರೆಯಿಂದ ಶುರುಮಾಡಿ. ಒಂದೊಂದನ್ನೇ ಹಗ್ಗ ಹಿಡಿದು ಹೊರತನ್ನಿ. ತಾಯಿ ಮತ್ತು ಮರಿಯನ್ನು ಅಗಲಿಸಬೇಡಿ, ಬೀಜದ ಕುದುರೆಯನ್ನು ಬೇರೆ ಇಡಿ. ನಿರಾತಂಕವಾಗಿ ಹತ್ತುವ ಕುದುರೆಯನ್ನು ಮೊದಲು ಹತ್ತಿಸಿದರೆ ಹಿಂದಿನದಕ್ಕೆ ಧೈರ್ಯ ಬರುತ್ತದೆ.

ಹೊರತಂದ ಕುದುರೆಯನ್ನು ಕಟ್ಟದೆ ಬಿಟ್ಟರೆ ಅದು ಲಾಯಕ್ಕೇ ಮರಳಿ ಓಡಬಹುದು. ದಿನವೂ ಹುಲ್ಲು, ನೀರು, ನೆರಳು ಸಿಕ್ಕ ಜಾಗವದು. ಭಯವಾದಾಗ ಅಲ್ಲಿಗೇ ಹೋಗಬೇಕೆಂದು ಅದಕ್ಕೆ ಅನ್ನಿಸುತ್ತದೆ. ಖಾಲಿಯಾದ ಪ್ರತಿ ಬಾಗಿಲನ್ನೂ ಕೂಡಲೇ ಮುಚ್ಚಿ ಅಗುಳಿ ಹಾಕಿ.

ಸಾಗಿಸಲು ಆಗದಿದ್ದರೆ

ಕೊನೆಯ ಗಾಡಿಯೂ ಹೊರಟು, ಕುದುರೆ ಉಳಿದುಬಿಟ್ಟರೆ ಅದನ್ನು ಲಾಯದಲ್ಲಿ ಕೂಡಿಹಾಕಿ ಹೋಗಬೇಡಿ. ಮರ, ಕಟ್ಟಡ, ವಿದ್ಯುತ್ ತಂತಿಗಳಿಂದ ದೂರವಿರುವ, ಹುಲ್ಲು ಮೇದು ಬರಿಮಣ್ಣಾದ ದೊಡ್ಡ ಬಯಲು ಅಥವಾ ಸವಾರಿಯ ಅಂಗಳಕ್ಕೆ ಬಿಡಿ. ಕರೆಂಟ್ ಇಲ್ಲದೆಯೂ ಉಳಿಯುವಂತೆ ದೊಡ್ಡ ತೊಟ್ಟಿಗಳಲ್ಲಿ ನೀರು ತುಂಬಿ. ಲಾಯದ ಬಾಗಿಲು ಮುಚ್ಚಿ, ಒಳ ಬೇಲಿಗಳ ಗೇಟು ತೆರೆದಿಡಿ. ಗೊರಸು, ಪಕ್ಕೆಯ ಮೇಲೆ ಫೋನ್ ಸಂಖ್ಯೆ ಬರೆದು ಹಾಲ್ಟರ್ ತೆಗೆದುಬಿಡಿ, ಬೇಲಿಗೆ ಸಿಕ್ಕಿಕೊಳ್ಳಬಾರದು. ರಸ್ತೆಗೆ ಮಾತ್ರ ಬಿಡಬೇಡಿ. ಹೊಗೆಯಲ್ಲಿ ಓಡುವ ಕುದುರೆಗೆ ಅಗ್ನಿಶಾಮಕ ವಾಹನ ಗುದ್ದಿದರೆ ಕುದುರೆಯೂ ಸಾಯುತ್ತದೆ, ವಾಹನದಲ್ಲಿರುವವರಿಗೂ ಅಪಾಯ. ಎಷ್ಟು ಪ್ರಾಣಿಗಳಿವೆ, ಎಲ್ಲಿವೆ, ನಿಮ್ಮ ಸಂಖ್ಯೆ ಏನು ಎಂದು ಗೇಟಿನ ಮೇಲೆ ದೊಡ್ಡದಾಗಿ ಬರೆದು, ಕೌಂಟಿಯ ಪ್ರಾಣಿ ಸಹಾಯವಾಣಿಗೆ ತಿಳಿಸಿ. ಪ್ಯಾರಡೈಸ್ ಇರುವ ಬ್ಯೂಟ್ ಕೌಂಟಿಯ ನಾರ್ತ್ ವ್ಯಾಲಿ ಆನಿಮಲ್ ಡಿಸಾಸ್ಟರ್ ಗ್ರೂಪ್‌ನಂಥ ತರಬೇತಾದ ಸ್ವಯಂಸೇವಕ ತಂಡಗಳು ಇಂಥ ಪ್ರಾಣಿಗಳನ್ನು ಹುಡುಕಿ ಹೋಗುತ್ತವೆ. ನೀವು ಬರೆದಿಟ್ಟ ಎರಡು ಸಾಲು ಅವರ ಹುಡುಕಾಟವನ್ನು ಸುಲಭ ಮಾಡುತ್ತದೆ.

ನೆಲ ನಡುಗಿದಾಗ

ಬರ್ಕ್ಲಿ ವಿಶ್ವವಿದ್ಯಾಲಯದವರು ರೂಪಿಸಿದ ‘ಮೈಶೇಕ್’ ಆ್ಯಪ್ 2019ರಿಂದ ಕ್ಯಾಲಿಫೋರ್ನಿಯದಲ್ಲಿ ಭೂಕಂಪದ ಎಚ್ಚರಿಕೆ ಕೊಡುತ್ತಿದೆ. ಸಿಗುವುದು ಕೆಲವೇ ಕ್ಷಣಗಳು. ಆ ಕ್ಷಣಗಳಲ್ಲಿ ಕುದುರೆಯತ್ತ ಓಡಬೇಡಿ. ಬಗ್ಗಿ, ತಲೆ ಮುಚ್ಚಿ, ಗಟ್ಟಿಯಾದದ್ದನ್ನು ಹಿಡಿದುಕೊಳ್ಳಿ. ಸವಾರಿಯಲ್ಲಿದ್ದರೆ ಮರ, ಗೋಡೆ, ತಂತಿಗಳಿಂದ ದೂರ ನಿಲ್ಲಿಸಿ. ಕುದುರೆಯ ಪಕ್ಕ ಅದರ ಕೋಣೆಯಲ್ಲಿದ್ದರೆ ಸಾಧ್ಯವಾದೊಡನೆ ಹೊರಬನ್ನಿ. ಬೆದರಿದ ಕುದುರೆಯ ಮೈ ಗೋಡೆಗೆ ಒತ್ತಿದರೆ ನಡುವೆ ಸಿಕ್ಕ ಮನುಷ್ಯ ಜಜ್ಜಿಹೋಗುತ್ತಾನೆ.

ಭೂಕಂಪದ ಅಪಾಯ ತಗ್ಗಿಸುವ ಕೆಲಸ ಮೊದಲೇ ಆಗಬೇಕು. ಎತ್ತರಕ್ಕೆ ಪೇರಿಸಿದ ಹುಲ್ಲಿನ ಪಿಂಡಿಗಳು ಕುಸಿದರೆ ಕೆಳಗೆ ನಿಂತವರ ಬೆನ್ನು ಮುರಿಯುತ್ತದೆ. ಅಡ್ಡಡ್ಡ ಹೆಣೆದು, ಎತ್ತರ ಕಡಿಮೆ ಇಟ್ಟು ಪೇರಿಸಿ. ಜೀನು, ಔಷಧಿ ಇಡುವ ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಕುದುರೆಯ ತಲೆಯ ಮೇಲೆ ಭಾರದ ವಸ್ತು ತೂಗಬಾರದು. ಗ್ಯಾಸ್, ಕರೆಂಟ್, ನೀರಿನ ಮುಖ್ಯ ಸ್ವಿಚ್ಚು, ತಿರುಪು ಎಲ್ಲಿವೆ ಎಂದು ಬಣ್ಣದಿಂದ ಗುರುತು ಹಾಕಿ.

ನೀರೇ ಮುಖ್ಯ ಸಂಗ್ರಹ. 200 ಲೀಟರಿನ ಎರಡು ಡ್ರಮ್ ತುಂಬಿಟ್ಟರೆ ಒಂದು ಕುದುರೆಗೆ ಒಂದು ವಾರ ನೆಮ್ಮದಿ. ಮುಚ್ಚಿ, ನೆರಳಲ್ಲಿಟ್ಟು, ಆಗಾಗ ನೀರು ಬದಲಿಸಿ. ಒಂದು ವಾರದ ಹುಲ್ಲು, ಔಷಧಿಯೂ ಇರಲಿ.

ನಡುಕ ನಿಂತ ಮೇಲೆ ಮರುಕಂಪನಗಳು ಬರುತ್ತವೆ. ಬಿರುಕುಬಿಟ್ಟ ಲಾಯಕ್ಕೆ ಕುದುರೆಯನ್ನು ಮರಳಿ ಸೇರಿಸಬೇಡಿ. ಮೊದಲು ಬೇಲಿ ಸುತ್ತಿ ನೋಡಿ. ಬಿದ್ದ ತಂತಿ, ಒಡೆದ ಗಾಜು, ಗ್ಯಾಸ್ ವಾಸನೆ ಗಮನಿಸಿ. ಆಮೇಲೆ ಕುದುರೆಯ ಬಳಿ ಪಕ್ಕದಿಂದ ನಿಧಾನವಾಗಿ, ಮಾತಾಡಿಸುತ್ತ ಹೋಗಿ. ನೇರ ಮೂಗಿನ ಮುಂದೆ ಮತ್ತು ಬಾಲದ ಹಿಂದೆ ಅದಕ್ಕೆ ಕಣ್ಣು ಕಾಣಿಸುವುದಿಲ್ಲ. ಪ್ರತಿವರ್ಷ ಅಕ್ಟೋಬರ್ ತಿಂಗಳ ಮೂರನೆಯ ಗುರುವಾರ ನಡೆಯುವ ‘ಗ್ರೇಟ್ ಶೇಕ್‌ಔಟ್’ ಅಭ್ಯಾಸದ ದಿನ ಶಾಲೆಯ ಮಕ್ಕಳಂತೆಯೇ ನಿಮ್ಮ ಲಾಯವೂ ಅಭ್ಯಾಸ ಮಾಡಲಿ.

ಆಪತ್ತು ಸರಿದ ಮೇಲೆ

ಹೊಗೆ ಕುಡಿದ ಶ್ವಾಸನಾಳ ಗುಣವಾಗಲು ನಾಲ್ಕರಿಂದ ಆರು ವಾರ ಬೇಕು ಎನ್ನುತ್ತಾರೆ ಡೇವಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಶುವೈದ್ಯರು. ಗಾಳಿಯ ಗುಣಮಟ್ಟ ಸೂಚ್ಯಂಕ 150 ಮೀರಿದ್ದರೆ ಸವಾರಿ, ಓಟ ಬೇಡ. ಹುಲ್ಲನ್ನು ನೀರಲ್ಲಿ ನೆನೆಸಿ ಕೊಟ್ಟರೆ ಧೂಳು ತಗ್ಗುತ್ತದೆ. ಮೇವಿನ ಪಕ್ಕದಲ್ಲೇ ಶುದ್ಧ ನೀರಿಡಿ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆಯ ಏರಿಳಿತ ನೋಡಿ ಎಣಿಸಿ. 30 ದಾಟಿದ್ದರೆ, ಮೂಗಿನ ಹೊಳ್ಳೆ ಅರಳಿದ್ದರೆ, ಕೆಮ್ಮು ನಿಲ್ಲದಿದ್ದರೆ ವೈದ್ಯರನ್ನು ಕರೆಯಿರಿ.

ಸುಟ್ಟ ನೆಲದ ಮೇಲೆ ಓಡಿದ ಕುದುರೆಯ ಗೊರಸು, ಕಾಲುಗಳ ಗಾಯ ಮೊದಲ ದಿನ ಪೂರ್ತಿ ಕಾಣದೆ, ದಿನ ಕಳೆದಂತೆ ಹೊರಬರಬಹುದು. ಆದ್ದರಿಂದ ಪ್ರತಿದಿನ ಕಾಲೆತ್ತಿ ನೋಡಿ. ಮೇಯಲು ಬಿಡುವ ಮೊದಲು ಬಯಲನ್ನು ನಡೆದು ಪರೀಕ್ಷಿಸಿ: ಒಳಗೆ ಇನ್ನೂ ಹೊಗೆಯಾಡುವ ಬೇರಿನ ಗುಂಡಿ, ಮೊಳೆ, ಬೂದಿ ಬಿದ್ದ ನೀರು ಇರಬಹುದು.

ಕರ್ನಾಟಕದ ಲಾಯಗಳಿಗೆ

ಕುಣಿಗಲ್ಲಿನ ಕುದುರೆ ಫಾರಂ, ಬೆಂಗಳೂರು, ಮೈಸೂರುಗಳ ರೇಸ್ ಲಾಯಗಳು, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಬೆಂಗಳೂರಿನ ಸುತ್ತ ಬೆಳೆಯುತ್ತಿರುವ ಸವಾರಿ ಶಾಲೆಗಳು ನಮ್ಮಲ್ಲೂ ಕುದುರೆ ಸಾಕುವ ತಾಣಗಳು. ಇಲ್ಲಿ ಕ್ಯಾಲಿಫೋರ್ನಿಯದಂಥ ಕಾಳ್ಗಿಚ್ಚು ಊರಿಗೆ ನುಗ್ಗುವುದಿಲ್ಲ. ಆದರೂ ಬೇಸಗೆಯ ಒಣಹುಲ್ಲು, ಹಳೆಯ ವಿದ್ಯುತ್ ತಂತಿ, ಬಿಸಾಡಿದ ಬೀಡಿಯ ಕಿಡಿ ಒಂದು ಲಾಯವನ್ನು ಸುಡಲು ಸಾಕು. ಬೀಗವಿಲ್ಲದ ಅಗುಳಿ, ಬಾಗಿಲ ಪಕ್ಕದ ಹಾಲ್ಟರ್, ದೂರದ ಹುಲ್ಲಿನ ದಾಸ್ತಾನು, ಗಾಡಿ ಹತ್ತುವ ರೂಢಿ ಇವು ಇಲ್ಲಿಗೂ ಅಷ್ಟೇ ಅಗತ್ಯ. ಲಾಯದಲ್ಲೇ ಮಲಗುವ ಸಯೀಸರಿಗೆ ಈ ತರಬೇತಿ ಮೊದಲು ಸಿಗಬೇಕು.

ಈ ವಾರಾಂತ್ಯದ ಕೆಲಸ

ಎಲ್ಲವನ್ನೂ ಒಂದೇ ದಿನ ಮಾಡಲಾಗದು. ಈ ಶನಿವಾರ ಗಡಿಯಾರ ಹಿಡಿದು ಒಂದು ಪರೀಕ್ಷೆ ಮಾಡಿ: ‘ಹೊರಡಿ’ ಎಂದ ಕ್ಷಣದಿಂದ ನಿಮ್ಮ ಎಲ್ಲ ಕುದುರೆಗಳೂ ಗಾಡಿಯೊಳಗೆ ನಿಂತು ಗಾಡಿ ಗೇಟು ದಾಟುವವರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಿ. ಎಲ್ಲಿ ತಡವಾಯಿತೋ ಮುಂದಿನ ವಾರ ಅದನ್ನೇ ತಿದ್ದಿ; ಹತ್ತದ ಕುದುರೆಗೆ ಪಾಠ, ಸಿಗದ ಹಗ್ಗಕ್ಕೆ ಒಂದು ಮೊಳೆ, ಕೆಟ್ಟ ಟೈರಿಗೆ ಹೊಸ ಟೈರು. ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿದರೆ ಆ ನಿಮಿಷಗಳು ಇಳಿಯುತ್ತ ಬರುತ್ತವೆ. ಕುದುರೆಯನ್ನು ಕಟ್ಟಿಹಾಕಿದವರು ನಾವು. ಬಿಟ್ಟಿದ್ದರೆ ತನ್ನ ಕಾಲನ್ನೇ ನಂಬಿ ಓಡಿ ಪಾರಾಗುತ್ತಿದ್ದ ಪ್ರಾಣಿಗೆ ಬೇಲಿ, ಬಾಗಿಲು, ಅಗುಳಿ ಹಾಕಿದ ಮೇಲೆ, ಅದನ್ನು ಸಕಾಲಕ್ಕೆ ಹೊರತರುವ ಸಾಲವೂ ನಮ್ಮ ಮೇಲಿದೆ. ಅದನ್ನು ತೀರಿಸುವ ದಾರಿ ಈ ಸಣ್ಣ ಸಣ್ಣ ಅಭ್ಯಾಸಗಳೇ.